ಉದ್ದನವನ ಪಾಲಿನ ಮಾತು

ಕುವೈತಿನ ಮಹಬೂಲಾದ ನಮ್ಮ ಕೋಣೆಯಲ್ಲಿ ಹದಿನಾಲ್ಕು ವರ್ಷ ಇಬ್ಬರೇ ಇದ್ದೆವು. ಒಬ್ಬ ನಾನು. ಉಡುಪಿ ಕಡೆಯವನು, ಮನೆಮಾತು ತುಳು, ಮಿರ್ಕಾಬಿನ ಒಂದು ಕಚೇರಿಯಲ್ಲಿ ಕಾಗದಪತ್ರ ನೋಡಿಕೊಳ್ಳುವ ಕೆಲಸ. ಇನ್ನೊಬ್ಬರು ಬಂಟ್ವಾಳದ ಹತ್ತಿರದ ಬ್ಯಾರಿ, ಸುಲೈಬಿಯಾದ ತರಕಾರಿ ಗೋದಾಮಿನಲ್ಲಿ ತಣ್ಣನೆ ಕೋಣೆಯ ಮೇಸ್ತ್ರಿ. ಕಟ್ಟಡದಲ್ಲಿ ಎಲ್ಲರೂ ಅವರನ್ನು ಕಾಕ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ನನಗಿಂತ ಏಳು ವರ್ಷ ದೊಡ್ಡವರು, ಎತ್ತರದಲ್ಲಿ ಒಂದು ಗೇಣು ಕಡಿಮೆ. ಆ ಗೇಣಿನ ವಿಷಯ ಯಾರಾದರೂ ಎತ್ತಿದರೆ ಎರಡು ದಿನ ಮಾತು ಬಿಡುತ್ತಿದ್ದರು.

ನಮ್ಮಲ್ಲಿ ಒಂದು ಸಿನಿಮಾ ಇತ್ತು. ಕಾಕ ಮೊದಲು ಕುವೈತಿಗೆ ಬಂದದ್ದು ವಿಡಿಯೋ ಕ್ಯಾಸೆಟ್ ಬಾಡಿಗೆಗೆ ಕೊಡುವ ಅಂಗಡಿಯ ಕೆಲಸಕ್ಕೆ. ಕ್ಯಾಸೆಟ್ಟಿನ ಕಾಲ ಮುಗಿದು ಅಂಗಡಿ ಮುಚ್ಚುವಾಗ, ಬೇಕಾದ್ದು ತೆಗೆದುಕೋ ಎಂದು ಮಾಲೀಕ ಹೇಳಿದನಂತೆ. ಬೇರೆಯವರಾಗಿದ್ದರೆ ಒಂದು ಚೀಲ ತುಂಬ ಹಿಂದಿ ಸಿನಿಮಾ ಹೊತ್ತುಕೊಂಡು ಬರುತ್ತಿದ್ದರು. ಈ ಮನುಷ್ಯ ತಂದದ್ದು ಅರವತ್ತರ ದಶಕದ ಒಂದು ಇಂಗ್ಲಿಷ್ ಸಿನಿಮಾ, ಯಾರೋ ಟೀವಿಯಿಂದ ಹಿಡಿದದ್ದು, ಕೆಳಗೆ ಅರಬಿ ಅಕ್ಷರ ಓಡುವಂಥದ್ದು. ಆ ಕಾಲದಲ್ಲಿ ಜೋಡಿಯಾಗಿ ಹಾಡಿ ಹೆಸರು ಮಾಡಿದ್ದ ಇಬ್ಬರು ಪಾಪ್ ಗಾಯಕರು ಅದರಲ್ಲಿ ತಾವು ತಾವೇ ಆಗಿ ನಟಿಸಿದ್ದಾರೆ. ಒಬ್ಬ ಉದ್ದ, ಒಬ್ಬ ಗಿಡ್ಡ. ಅವರ ಹೆಸರು ನನಗೆ ಇವತ್ತಿಗೂ ಗೊತ್ತಿಲ್ಲ, ಯಾಕೆಂದರೆ ಹೆಸರುಗಳೆಲ್ಲ ಬಂದು ಹೋದ ಮೇಲೆಯೇ ಆ ರೆಕಾರ್ಡ್ ಶುರುವಾಗುತ್ತದೆ.

ಕಥೆ ಎಂದರೆ ಮಹಾ ಕಥೆಯೇನಲ್ಲ. ಒಂದೇ ಸಂಜೆ ಎರಡು ಕಡೆ ಹಾಡಲು ಇಬ್ಬರೂ ಒಪ್ಪಿಕೊಂಡು ಬಿಟ್ಟಿದ್ದಾರೆ. ಒಂದು ಕಡೆ ಶ್ರೀಮಂತರ ತೋಟದಲ್ಲಿ ಮದುವೆ, ಇನ್ನೊಂದು ಕಡೆ ನಾಯಿಗಳ ಪ್ರದರ್ಶನ. ಪುಟ್ಟ ಕಾರು, ಅದರ ತಲೆಯ ಮೇಲೆ ಕಾರಿಗಿಂತ ದೊಡ್ಡ ವಾದ್ಯ. ಹಳದಿ ಫ್ರಾಕಿನ ಒಬ್ಬ ಹುಡುಗಿ, ಸಿಗರೇಟು ಕಚ್ಚಿಕೊಂಡು ಇವರ ಬೆನ್ನು ಹತ್ತುವ ಒಬ್ಬ ದಪ್ಪ ಮ್ಯಾನೇಜರ್. ಬೀಳುತ್ತಾರೆ, ಏಳುತ್ತಾರೆ, ಕಾರಂಜಿಯಲ್ಲಿ ಒದ್ದೆಯಾಗುತ್ತಾರೆ, ಕೊನೆಗೆ ಸಮುದ್ರದ ದಡದಲ್ಲಿ ಎಲ್ಲರೂ ಸೇರಿ ಹಾಡುತ್ತಾರೆ. ಇಡೀ ಸಿನಿಮಾದಲ್ಲಿ ಯಾರಿಗೂ ಒಂದು ನೆಗಡಿ ಕೂಡ ಆಗುವುದಿಲ್ಲ.

ಆ ಕ್ಯಾಸೆಟ್ಟನ್ನು ಕಾಕ ಯಾರ ಹತ್ತಿರವೋ ಪೆನ್ ಡ್ರೈವಿಗೆ ಹಾಕಿಸಿದರು. ಹಾಕಿದ ಪುಣ್ಯಾತ್ಮ ಏನು ಮಾಡಿದನೋ, ಮೊದಲ ಹಾಡು ಮುಗಿದ ಕೂಡಲೇ ದನಿ ನಿಂತುಹೋಗುತ್ತದೆ. ಆಮೇಲೆ ಉಳಿದ ಒಂದೂಕಾಲು ಗಂಟೆ ಬಾಯಿ ಮಾತ್ರ ಆಡುತ್ತದೆ. ವಾಪಸ್ ಹಾಕಿಸೋಣ ಎಂದರೆ ಅಷ್ಟರಲ್ಲಿ ಕ್ಯಾಸೆಟ್ಟಿಗೆ ಬೂಷ್ಟು ಹಿಡಿದಿತ್ತು. ಕೆಳಗಿನ ಅರಬಿ ಓದಬಹುದಲ್ಲ ಎಂದು ನಾನು ಹೇಳಿದೆ. ಕಾಕ ಮದರಸದಲ್ಲಿ ಅಕ್ಷರ ಕಲಿತವರು, ಓದಲು ಬರುತ್ತಿತ್ತು, ಆದರೆ ಒಂದೊಂದೇ ಅಕ್ಷರ ಕೂಡಿಸಿ ಒಂದು ಸಾಲು ಮುಗಿಸುವಷ್ಟರಲ್ಲಿ ಪರದೆಯ ಮೇಲೆ ಮೂರು ಸಾಲು ಬಂದು ಹೋಗಿರುತ್ತಿತ್ತು. ಕೊನೆಗೆ ಬೇಸತ್ತು, ಇವರು ಹೇಳಿದ್ದು ಯಾಕೆ ಬೇಕು, ನಾವೇ ಹೇಳುವ ಎಂದರು.

ಹೀಗೆ ಶುರುವಾಯಿತು. ಶುಕ್ರವಾರ ಇಬ್ಬರಿಗೂ ರಜೆ. ಅವರು ಜುಮ್ಮಾ ನಮಾಜು ಮುಗಿಸಿ ಬರುವಾಗ ನಾನು ಕುಚ್ಚಲಕ್ಕಿ ಅನ್ನ, ಮೀನಿನ ಸಾರು ಮಾಡಿ ಇಟ್ಟಿರುತ್ತಿದ್ದೆ. ಊಟ, ಆಮೇಲೆ ಸಿನಿಮಾ. ಉದ್ದನವನ ಮಾತು ಅವರದು, ಗಿಡ್ಡನದು ನನ್ನದು. ನ್ಯಾಯವಾಗಿ ತಿರುಗುಮುರುಗಾಗಬೇಕಿತ್ತು. ನಾನು ಅದನ್ನು ಒಮ್ಮೆ ಹೇಳಿ ನೋಡಿದ್ದೇನೆ, ಎರಡು ದಿನ ಚಹಾ ನಾನೊಬ್ಬನೇ ಕುಡಿದೆ.

ನಮ್ಮ ಕಥೆಯಲ್ಲಿ ಅವರಿಬ್ಬರೂ ಮಂಗಳೂರಿನವರು. ದಪ್ಪ ಮ್ಯಾನೇಜರ್ ಅವರ ಕಫೀಲ್, ಅಂದರೆ ವೀಸಾ ಕೊಟ್ಟ ಧಣಿ; ಇಕಾಮಾ ಎಂಬ ವಾಸದ ಪರವಾನಗಿ ಅವನ ಕೈಯಲ್ಲಿ, ಆದ್ದರಿಂದಲೇ ಓಟ. ಹಳದಿ ಫ್ರಾಕಿನವಳು ಕಫೀಲನ ಅಕ್ಕನ ಮಗಳು. ಪ್ರದರ್ಶನದಲ್ಲಿ ಗೆಲ್ಲುವ ದೊಡ್ಡ ನಾಯಿ ನನ್ನ ಕಚೇರಿಯ ಸೂಪರ್ವೈಸರ್. ತುಳು, ಕನ್ನಡ, ಹಿಂದಿ, ನಡುವೆ ಅರಬಿಯ ಯಲ್ಲಾ, ಖಲಾಸ್ ಎಲ್ಲ ಸೇರಿಸಿ ಬಾಯಿಗೆ ಬಂದದ್ದು ಮಾತಾಡುತ್ತಿದ್ದೆವು. ವಾರ ವಾರ ಮಾತು ಬದಲಾಗುತ್ತಿತ್ತು. ನಕ್ಕು ನಕ್ಕು ಪಕ್ಕದ ಕೋಣೆಯವರು ಗೋಡೆ ಬಡಿದದ್ದೂ ಉಂಟು.

ಬರಬರುತ್ತ ಅದು ಬರೀ ತಮಾಷೆಯಾಗಿ ಉಳಿಯಲಿಲ್ಲ. ಎದುರೆದುರು ಹೇಳಲಾಗದ್ದನ್ನು ನಾವು ಅವರ ಬಾಯಿಯಲ್ಲಿ ಹೇಳತೊಡಗಿದೆವು. ಇವತ್ತಿನ ಸಾರು ನಾಯಿಯೂ ಮುಟ್ಟುವುದಿಲ್ಲ ಎಂದು ಉದ್ದನವ ಕಾರು ಓಡಿಸುತ್ತ ಹೇಳುತ್ತಿದ್ದ. ನೀವು ಬಾತ್ರೂಮಿನಲ್ಲಿ ಅರ್ಧ ಗಂಟೆ ಕೂರುವುದು ಯಾವ ಧರ್ಮದಲ್ಲಿದೆ ಎಂದು ಗಿಡ್ಡ ಕೇಳುತ್ತಿದ್ದ. ನನ್ನ ತಮ್ಮ ನನ್ನನ್ನು ಕೇಳದೆ ಜಾಗ ಪಾಲು ಮಾಡಿಸಿದ ಸುದ್ದಿ ಬಂದ ವಾರ, ಕಾರಂಜಿಯ ದೃಶ್ಯದಲ್ಲಿ ನಾನು ಅದನ್ನು ಹೇಳಿಬಿಟ್ಟೆ, ಗಿಡ್ಡನ ದನಿಯಲ್ಲಿ. ಉದ್ದನವ ಸುಮ್ಮನೆ ಕೇಳಿ, ಒದ್ದೆಯಾಗಿದ್ದೀ, ಮೊದಲು ತಲೆ ಒರಸಿಕೋ ಎಂದ. ಅವರ ದೊಡ್ಡ ಮಗಳ ಮದುವೆ ಮುರಿದದ್ದು ನನಗೆ ಗೊತ್ತಾದದ್ದೂ ಸಿನಿಮಾದಲ್ಲೇ. ಅದಕ್ಕೆ ಒಂದು ಕಟ್ಟಳೆ ಇತ್ತು, ಯಾರೂ ಬಾಯಿಬಿಟ್ಟು ಮಾಡಿದ್ದಲ್ಲ. ಸಿನಿಮಾದಲ್ಲಿ ಹೇಳಿದ್ದು ಸಿನಿಮಾದಲ್ಲೇ ಮುಗಿಯಬೇಕು, ಟೀವಿ ಆರಿಸಿದ ಮೇಲೆ ಅದರ ಸುದ್ದಿ ಎತ್ತಬಾರದು.

ಒಳ್ಳೆಯ ಕಟ್ಟಳೆ ಎಂದು ಆಗ ಅನಿಸಿತ್ತು. ಈಗ ಅದನ್ನು ನೆನೆದರೆ ಮೈ ಉರಿಯುತ್ತದೆ.

ಆ ಶುಕ್ರವಾರ ಜುಲೈ ತಿಂಗಳಿನದ್ದು. ಹೊರಗೆ ಬಾಗಿಲಿನ ಹಿಡಿ ಮುಟ್ಟಿದರೆ ಕೈ ಸುಡುವ ಬಿಸಿಲು. ಕಾಕ ಜುಮ್ಮಾದಿಂದ ಬಂದವರು ಅನ್ನ ಅರ್ಧ ಬಿಟ್ಟರು. ಅವರು ಅನ್ನ ಬಿಡುವವರಲ್ಲ. ಸಿನಿಮಾ ಹಾಕಿದೆವು. ಅದರಲ್ಲಿ ಒಂದು ಕಡೆ ಇಬ್ಬರೂ ಮ್ಯಾನೇಜರನಿಂದ ತಪ್ಪಿಸಿಕೊಳ್ಳಲು ಒಂದು ಬಟ್ಟೆಯ ಕಪಾಟಿನೊಳಗೆ ನುಗ್ಗಿ ನಿಲ್ಲುತ್ತಾರೆ. ಕತ್ತಲು, ಎರಡು ಮುಖ ಹತ್ತಿರ ಹತ್ತಿರ. ಅಲ್ಲಿಯವರೆಗೆ ಕಾಕ ಅಷ್ಟಕ್ಕಷ್ಟೇ ಮಾತಾಡಿದ್ದರು. ಕಪಾಟಿನ ದೃಶ್ಯ ಬಂದಾಗ ಉದ್ದನವನ ಬಾಯಿ ಆಡಿತು, ಕಾಕ ಹೇಳಿದರು, “ಗಿಡ್ಡಾ, ನನಗೆ ಎದೆ ಹಿಡಿದ ಹಾಗೆ ಆಗ್ತಾ ಉಂಟು. ಬೆಳಿಗ್ಗೆಯಿಂದ. ಎಡಗೈಗೂ ಬರ್ತದೆ.”

ನಾನು ಹೇಳಿದೆ, “ಅದು ಪ್ರೀತಿ ಮಾರಾಯ. ಹಳದಿ ಫ್ರಾಕಿನವಳು ಹತ್ತಿರದಿಂದ ಹೋದಳಲ್ಲ.”

ಅವರು ನಕ್ಕರು. ನಾನೂ ನಕ್ಕೆ.

ನನಗೆ ಗೊತ್ತಾಗಲಿಲ್ಲ ಎಂದು ಬರೆಯಲು ತುಂಬ ಆಸೆ ಉಂಟು. ಎಷ್ಟೋ ಸಲ ಮನಸ್ಸಿನಲ್ಲಿ ಹಾಗೆ ಬರೆದಿದ್ದೇನೆ ಕೂಡ. ಆದರೆ ಗೊತ್ತಾಗಿತ್ತು. ಪಕ್ಕದಲ್ಲಿ ಕೂತಿದ್ದೆ, ಅವರ ಬಲಗೈ ಹಾಸಿಗೆಯ ಅಂಚನ್ನು ಹಿಡಿದಿತ್ತು, ಉಗುರು ಬೆಳ್ಳಗಾಗಿತ್ತು, ಅದನ್ನು ನಾನು ನೋಡಿದೆ. ಆಸ್ಪತ್ರೆ ಎಂದರೆ ಬಟ್ಟೆ ಹಾಕಬೇಕು, ಟ್ಯಾಕ್ಸಿ ಹುಡುಕಬೇಕು, ಆ ಬಿಸಿಲಿಗೆ ಇಳಿಯಬೇಕು, ಅಲ್ಲಿ ಸಾಲಿನಲ್ಲಿ ಗಂಟೆಗಟ್ಟಲೆ ಕೂರಬೇಕು. ನನಗೆ ಊಟವಾಗಿತ್ತು, ನಿದ್ದೆ ಬರುತ್ತಿತ್ತು. ಅಷ್ಟೇ ಕಾರಣ. ಇದಕ್ಕಿಂತ ದೊಡ್ಡ ಕಾರಣ ಯಾವುದೂ ಇಲ್ಲ. ಹೇಗೂ ಸಿನಿಮಾದಲ್ಲಿ ಹೇಳಿದ್ದಲ್ಲವೇ, ನಿಜಕ್ಕೂ ಜೋರಾಗಿದ್ದರೆ ಹೊರಗೆ ಹೇಳುತ್ತಾರೆ ಎಂದು ನನಗೆ ನಾನೇ ಹೇಳಿಕೊಂಡೆ.

ಮೂರೂವರೆಗೆ ಸಿನಿಮಾ ಮುಗಿಯಿತು. ನಾನು ಗೋಡೆಗೆ ಮುಖ ಮಾಡಿ ಮಲಗಿದೆ. ಅರೆನಿದ್ದೆಯಲ್ಲಿ ಅವರು ಫೋನ್ ಹಿಡಿದುಕೊಂಡು ಮೆಲ್ಲ ಬಾಗಿಲು ತೆಗೆದು ಹೊರಗಿನ ಪ್ಯಾಸೇಜಿಗೆ ಹೋದದ್ದು ಕೇಳಿಸಿತು. ಸಂಜೆ ಎದ್ದಾಗ ಅವರು ಹಾಸಿಗೆಯಲ್ಲಿ ಒರಗಿದ್ದರು, ಚಹಾ ಬೇಡ ಎಂದರು. ಕಟ್ಟಳೆಯಂತೆ ನಾನೂ ಕೇಳಲಿಲ್ಲ.

ಮರುದಿನ ಅವರು ಎಂದಿನಂತೆ ಕಂಪನಿ ಬಸ್ಸಿನಲ್ಲಿ ಸುಲೈಬಿಯಾಕ್ಕೆ ಹೋದರು. ಹನ್ನೊಂದು ಗಂಟೆಗೆ ನನ್ನ ಕಚೇರಿಗೆ ಫೋನ್ ಬಂತು. ತಣ್ಣನೆ ಕೋಣೆಯಲ್ಲಿ ಟೊಮೆಟೊ ಪೆಟ್ಟಿಗೆಗಳ ಪಕ್ಕ ಕೂತವರು ಏಳಲಿಲ್ಲವಂತೆ. ಕೂತಿದ್ದಾರೆ, ಬೆವರು ಆರಿಸಿಕೊಳ್ಳುತ್ತಿದ್ದಾರೆ ಎಂದು ಉಳಿದವರು ಸ್ವಲ್ಪ ಹೊತ್ತು ಬಿಟ್ಟರಂತೆ. ನನಗೆ ಮೊದಲು ಬಂದದ್ದು ದುಃಖ ಅಲ್ಲ, ಸಿಟ್ಟು. ಮುದುಕಾ, ಸರಿಯಾಗಿ ಹೇಳಲಿಕ್ಕೆ ನಿನಗೇನಾಗಿತ್ತು ಎಂದು ಫೋನ್ ಇಟ್ಟ ಮೇಲೆ ಗಟ್ಟಿಯಾಗಿ ಬೈದೆ. ಮೇಜಿನಾಚೆಯವರು ತಲೆಯೆತ್ತಿ ನೋಡಿದರು.

ಇಲ್ಲಿ ಯಾರಾದರೂ ತೀರಿಕೊಂಡರೆ ಅವರ ಸಾಮಾನು ಕಟ್ಟುವುದು ಕೋಣೆಯವರ ಕೆಲಸ. ಒಂದು ರಟ್ಟಿನ ಪೆಟ್ಟಿಗೆ, ಸುತ್ತ ಕಂದು ಟೇಪು, ಮೇಲೆ ದೊಡ್ಡ ಅಕ್ಷರದಲ್ಲಿ ಊರಿನ ವಿಳಾಸ. ಕನ್ನಡಕ, ನಮಾಜಿನ ಚಾಪೆ, ಇನ್ನೂ ಒಡೆಯದ ಅತ್ತರಿನ ಬಾಟಲಿ, ಮುಂದಿನ ರಜೆಗೆಂದು ತೆಗೆದಿಟ್ಟಿದ್ದ ಚಾಕಲೇಟು, ಮೂರು ಹೊಸ ಬೆಡ್‌ಶೀಟ್ ಎಲ್ಲ ತುಂಬಿದೆ. ಪೆನ್ ಡ್ರೈವ್ ಹಾಕಲಿಲ್ಲ. ಅವರ ಹೆಂಡತಿಗೆ ಅದರಿಂದ ಏನು ಪ್ರಯೋಜನ ಎಂದುಕೊಂಡೆ.

ಪೆಟ್ಟಿಗೆ ಕಟ್ಟುತ್ತಿರುವಾಗಲೇ ಅವರ ಕಿರಿಯ ಮಗಳ ಫೋನ್ ಬಂತು. ಮಂಗಳೂರಿನಲ್ಲಿ ನರ್ಸಿಂಗ್ ಕೊನೆಯ ವರ್ಷದಲ್ಲಿ ಓದುತ್ತಿದ್ದವಳು. ಅತ್ತು ಅತ್ತು ದನಿ ಒಡೆದಿತ್ತು. ಅಪ್ಪನ ಬಗ್ಗೆ ಅವಳು ಕೇಳಿದ್ದು ಒಂದೇ ಪ್ರಶ್ನೆ, “ಅಂಕಲ್, ಉಪ್ಪ ನಿಮ್ಮತ್ರ ಎಂತಾದ್ರೂ ಹೇಳಿದ್ರಾ? ಹುಷಾರಿಲ್ಲ ಅಂತ?”

“ಇಲ್ಲ ಮಗಾ, ಎಂತದೂ ಹೇಳ್ಲಿಲ್ಲ. ನಗಾಡಿಕೊಂಡೇ ಇದ್ರು” ಎಂದೆ.

ಆ ಕಡೆ ಬಹಳ ಹೊತ್ತು ಮಾತಿರಲಿಲ್ಲ. ಆಮೇಲೆ ಸರಿ ಅಂಕಲ್ ಎಂದಳು.

ಅವಳು ಸುಮ್ಮನಾದದ್ದು ನನಗೆ ಹೆದರಿಕೆ ಹುಟ್ಟಿಸಿತು. ನಂಬಲಿಲ್ಲ ಎಂದುಕೊಂಡೆ. ನಲವತ್ತನೆಯ ದಿನ ಮತ್ತೆ ಫೋನ್ ಮಾಡಿ ಅದನ್ನೇ ಕೇಳಿದಳು, ನಾನು ಅದನ್ನೇ ಹೇಳಿದೆ. ವರ್ಷದ ದಿನ ಮತ್ತೊಮ್ಮೆ. ಪ್ರತಿ ಸಲವೂ ನನ್ನ ಸುಳ್ಳು ಇನ್ನಷ್ಟು ನಯವಾಗಿ ಬಂತು.

ಕಾಕ ಹೋದ ಮೂರನೆಯ ಶುಕ್ರವಾರ ನಾನು ಸಿನಿಮಾ ಹಾಕಿದೆ. ಯಾಕೆ ಹಾಕಿದೆ ಎಂದರೆ, ಊಟವಾದ ಮೇಲೆ ಕೈ ತಾನಾಗಿ ಹೋಯಿತು. ಮೊದಲ ಹಾಡು ಮುಗಿದು ದನಿ ನಿಂತಿತು. ಉದ್ದನವ ಕಾರಿನ ಬಾಗಿಲು ತೆಗೆದು ಏನೋ ಹೇಳಿದ. ಬಾಯಿ ಆಡಿತು, ಮಾತು ಬರಲಿಲ್ಲ. ಅವನ ಮಾತು ಮುಗಿಯುವ ತನಕ ನಾನು ಕಾದೆ, ಆಮೇಲೆ ಗಿಡ್ಡನ ಉತ್ತರ ಹೇಳಿದೆ. ಹೇಳಿದ ಮೇಲೆ ನನ್ನ ರೋಮ ಎದ್ದು ನಿಂತಿತು, ಯಾಕೆಂದರೆ ಯಾವ ಪ್ರಶ್ನೆಗೆ ಉತ್ತರ ಕೊಟ್ಟೆ ಎಂದು ನನಗೇ ಗೊತ್ತಿರಲಿಲ್ಲ.

ಆಮೇಲೆ ಬಿಡಲಾಗಲಿಲ್ಲ. ಪ್ರತಿ ಶುಕ್ರವಾರ ಹಾಕಿದೆ. ಕಾಕನ ಹಾಸಿಗೆಗೆ ವಿಜಯಪುರ ಕಡೆಯ ಒಬ್ಬ ಎಲೆಕ್ಟ್ರಿಷಿಯನ್ ಬಂದ. ಒಳ್ಳೆಯವನು, ಬಾಯಿ ಸ್ವಲ್ಪ ಜೋರು. ಮೊದಲ ಎರಡು ವಾರ ಮರ್ಯಾದೆಗೆ ಸುಮ್ಮನಿದ್ದ. ಮೂರನೆಯ ವಾರ, “ಅಣ್ಣಾರ, ಯಾರ ಜೋಡಿ ಮಾತಾಡಾಕತ್ತೀರಿ?” ಎಂದು ಕೇಳಿದ. ಸಿನಿಮಾದವರ ಜೊತೆ ಎಂದೆ. ಅವನು ಪರದೆ ನೋಡಿದ, ನನ್ನನ್ನು ನೋಡಿದ, ಅಂದಿನಿಂದ ಶುಕ್ರವಾರ ಮಧ್ಯಾಹ್ನ ಗೆಳೆಯರ ಕೋಣೆಗೆ ಹೋಗತೊಡಗಿದ. ನನಗೂ ಅದೇ ಬೇಕಿತ್ತು.

ಭೂತ, ಪ್ರೇತ ಎಂದು ಹೆದರುವ ಮನುಷ್ಯ ನಾನಲ್ಲ. ಊರಿನಲ್ಲಿ ರಾತ್ರಿ ಸ್ಮಶಾನದ ದಾರಿಯಲ್ಲಿ ಸೈಕಲ್ ಹೊಡೆದವನು. ಇದು ಹಾಡುಹಗಲು, ಕಿಟಕಿಯ ತುಂಬ ಬಿಸಿಲು, ಕೆಳಗೆ ರಸ್ತೆಯಲ್ಲಿ ಕಾರುಗಳ ಹಾರ್ನು. ಅಂಥ ಹೊತ್ತಿನಲ್ಲಿ ಆ ಕೋಣೆಯಲ್ಲಿ ಉದ್ದನವನ ಪಾಲಿನ ಮಾತು ಖಾಲಿ ಬಿದ್ದಿರುತ್ತಿತ್ತು, ಆ ಖಾಲಿಯಲ್ಲಿ ಯಾರೋ ಮಾತಾಡಲು ಉಸಿರು ಎಳೆದುಕೊಂಡ ಸದ್ದು ಬರುತ್ತಿತ್ತು. ಏಸಿ ಆರಿಸಿ ನೋಡಿದೆ. ಸದ್ದು ನಿಲ್ಲಲಿಲ್ಲ. ಆಮೇಲೆ ಅದು ನನ್ನದೇ ಉಸಿರು ಎಂದು ತಿಳಿಯಿತು, ಅವರಿಗಾಗಿ ನಾನು ಉಸಿರು ಎಳೆದುಕೊಳ್ಳುತ್ತಿದ್ದೆ. ತಿಳಿದ ಮೇಲೆ ಹೆದರಿಕೆ ಹೆಚ್ಚಾಯಿತೇ ಹೊರತು ಕಡಿಮೆಯಾಗಲಿಲ್ಲ.

ಕಪಾಟಿನ ದೃಶ್ಯ ಮಾತ್ರ ನೋಡಲಾಗುತ್ತಿರಲಿಲ್ಲ. ಆ ಇಂಗ್ಲಿಷಿನವನ ತುಟಿಗಳು, ದೇವರಾಣೆ, ಎದೆ ಹಿಡಿದ ಹಾಗೆ ಆಗ್ತಾ ಉಂಟು ಎಂದೇ ಆಡುತ್ತಿದ್ದವು. ನಗುನಗುತ್ತ ಅದನ್ನು ಹೇಳುತ್ತಿದ್ದ. ಹದಿನಾಲ್ಕು ವರ್ಷ ಆ ಜಾಗದಲ್ಲಿ ಕಾಕ ಬೇರೆ ಏನೇನೋ ಹೇಳಿದ್ದರು, ವಾರಕ್ಕೊಂದು ತಮಾಷೆ. ಒಂದಾದರೂ ನೆನಪಾದರೆ ಅದನ್ನು ಅವನ ಬಾಯಿಗೆ ಹಾಕಬಹುದಿತ್ತು. ಎಷ್ಟು ತಲೆ ಚಚ್ಚಿಕೊಂಡರೂ ಒಂದೂ ನೆನಪಾಗಲಿಲ್ಲ. ಆ ಒಂದು ಮಾತು ಬಂದು ಉಳಿದವನ್ನೆಲ್ಲ ಅಳಿಸಿಬಿಟ್ಟಿತ್ತು.

ಹೀಗೆ ಎರಡು ವರ್ಷ ಕಳೆಯಿತು. ಕಳೆದ ಚಳಿಗಾಲದಲ್ಲಿ ಗೊತ್ತಿಲ್ಲದ ಇಲ್ಲಿಯ ನಂಬರಿನಿಂದ ಫೋನ್ ಬಂತು. ಕಾಕನ ಅದೇ ಮಗಳು. ನರ್ಸ್ ಆಗಿ ಕುವೈತಿನ ಒಂದು ಕ್ಲಿನಿಕ್ಕಿಗೆ ಬಂದು ಒಂದು ತಿಂಗಳಾಗಿತ್ತಂತೆ. ನೋಡಬೇಕು ಅಂಕಲ್ ಎಂದಳು. ಆಮೇಲೆ, ಆ ಸಿನಿಮಾ ನಿಮ್ಮಲ್ಲಿ ಉಂಟಾ ಎಂದು ಕೇಳಿದಳು. ಸಿನಿಮಾದ ಸುದ್ದಿ ಅವಳಿಗೆ ಹೇಗೆ ಗೊತ್ತು ಎಂದು ಕೇಳಲು ಧೈರ್ಯ ಬರದೆ, ಉಂಟು ಎಂದೆ.

ಬ್ಯಾಚುಲರ್ ಕಟ್ಟಡಕ್ಕೆ ಹೆಂಗಸರನ್ನು ಕಾವಲುಗಾರ ಹತ್ತಲು ಬಿಡುವುದಿಲ್ಲ. ಶುಕ್ರವಾರ ಮಧ್ಯಾಹ್ನ ಮಹಬೂಲಾದಲ್ಲೇ ಒಂದು ಹೋಟೆಲಿನ ಫ್ಯಾಮಿಲಿ ಕೋಣೆಯಲ್ಲಿ ಕೂತೆವು, ಪರದೆ ಅರ್ಧ ಸರಿಸಿ. ನಾನು ಸಿನಿಮಾವನ್ನು ಫೋನಿಗೆ ಹಾಕಿಕೊಂಡು ಹೋಗಿದ್ದೆ. ಅವಳ ತಲೆಗೆ ಬೂದು ಸ್ಕಾರ್ಫ್, ಕೆನ್ನೆ ಒಣಗಿತ್ತು, ಕಣ್ಣಿನ ಕೆಳಗೆ ಕಪ್ಪು. ಗಲ್ಲ ಮಾತ್ರ ಅಪ್ಪನದೇ. ಚಹಾಕ್ಕೆ ಮೂರು ಸಲ ಊದಿ ಒಮ್ಮೆಯೂ ಕುಡಿಯದೆ ಕೆಳಗಿಟ್ಟಳು. ಅಪ್ಪನ ಹಾಗೆಯೇ ಸರಿಯಾಗಿ ಉಣ್ಣುವವಳಾಗಿದ್ದಳಂತೆ, ಈಗ ಹೊಟ್ಟೆಗೆ ಏನೂ ಸೇರುವುದಿಲ್ಲ, ಉಮ್ಮ ಬೈಯುತ್ತಾರೆ ಎಂದಳು. ಕೆಲಸ ಹೇಗೆ ಎಂದು ಕೇಳಿದೆ. ಎದೆನೋವು ಎಂದು ಯಾರಾದರೂ ಬಂದರೆ ಪಕ್ಕದವಳನ್ನು ಕಳಿಸಿ ಹಿಂದೆ ಸರಿಯುತ್ತೇನೆ, ಬೇರೆ ವಿಭಾಗ ಕೇಳಬೇಕೆಂದಿದ್ದೇನೆ ಎಂದಳು.

ಆ ಸಿನಿಮಾದ ಕಥೆಯನ್ನು ಕಾಕ ಪ್ರತಿ ವಾರ ಅವಳಿಗೆ ಫೋನಿನಲ್ಲಿ ಹೇಳುತ್ತಿದ್ದರಂತೆ, ಚಿಕ್ಕಂದಿನಿಂದ. ನಮ್ಮ ಕಥೆ. ಮಂಗಳೂರಿನ ಇಬ್ಬರು ಹಾಡುಗಾರರು, ಲಂಡನ್ನಿನಲ್ಲಿ ಇಕಾಮಾ ಕಳೆದುಕೊಂಡು ಕಫೀಲನಿಂದ ಓಡುವುದು. ಅದು ನಿಜವಾದ ಸಿನಿಮಾ ಎಂದು ನಂಬಿ ಕಾಲೇಜಿನಲ್ಲಿ ಇಂಟರ್ನೆಟ್ ಎಲ್ಲ ಹುಡುಕಿದಳಂತೆ. ಅವಳೂ ನಕ್ಕಳು, ನಾನೂ ನಕ್ಕೆ, ಒಂದು ಗಳಿಗೆ ಮಟ್ಟಿಗೆ ಎಲ್ಲ ಸರಿಯಾಗಿದೆ ಎನಿಸಿತು.

ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿ ಸಿನಿಮಾ ಹಾಕಿದೆ. ದನಿ ನಿಂತಿತು. ಉದ್ದನವ ಬಾಯಿ ತೆಗೆದ. ನಾನು ಅಭ್ಯಾಸದಂತೆ ಸುಮ್ಮನೆ ಕಾದೆ. ಆಗ ಅವಳು ಮೆಲ್ಲಗೆ ಅವನ ಮಾತು ಹೇಳಿದಳು. ಅಪ್ಪ ಫೋನಿನಲ್ಲಿ ಹೇಳಿದ್ದನ್ನೇ, ಅದೇ ಎಳೆತ, ಮಾತಿನ ಕೊನೆಗೆ ಅದೇ ಒಂದು ಸಣ್ಣ ಕೆಮ್ಮು. ಎರಡು ವರ್ಷ ಖಾಲಿ ಇದ್ದ ಜಾಗದಲ್ಲಿ ದನಿ ಬಂತು. ನಾನು ಉತ್ತರ ಹೇಳಿದೆ. ಕಾರು, ಕಾರಂಜಿ, ನಾಯಿ, ಎಲ್ಲ ಆಯಿತು. ಕಪಾಟು ಬಂತು. ನಿಲ್ಲಿಸಲು ಕೈ ಚಾಚಿದೆ, ಅಷ್ಟರಲ್ಲಿ ಅವಳು ಹೇಳಿಬಿಟ್ಟಿದ್ದಳು, “ಮೆಲ್ಲ ಉಸಿರಾಡು ಮಾರಾಯ, ಕಫೀಲ್ ಹೊರಗೆ ನಿಂತಿದ್ದಾನೆ.”

ಹೌದು. ಅದೇ. ಎಷ್ಟು ಸಲ ಕೇಳಿದ್ದೆ ಅದನ್ನು.

ಫೋನ್ ಮಗುಚಿ ಇಟ್ಟೆ. ಇನ್ನು ತಡೆಯಲಾಗುವುದಿಲ್ಲ ಎನಿಸಿತು. ನಾನು ಸುಳ್ಳು ಹೇಳಿದೆ ಮಗಾ ಎಂದೆ. ನಿನ್ನಪ್ಪ ನನಗೆ ಹೇಳಿದ್ದರು, ಆ ಶುಕ್ರವಾರ, ಇದೇ ದೃಶ್ಯದಲ್ಲಿ, ಎದೆ ಹಿಡಿಯುತ್ತದೆ, ಎಡಗೈಗೂ ಬರುತ್ತದೆ ಎಂದು. ನಾನು ತಮಾಷೆ ಮಾಡಿ ಮಲಗಿದೆ. ತಲೆ ಎತ್ತದೆ ಎಲ್ಲ ಹೇಳಿ ಮುಗಿಸಿದೆ. ಅವಳು ಕೂಗುತ್ತಾಳೆ, ಚಹಾ ಮುಖಕ್ಕೆ ಎರಚುತ್ತಾಳೆ ಎಂದು ಕಾದೆ. ಏನೂ ಆಗಲಿಲ್ಲ. ತಲೆ ಎತ್ತಿದರೆ ಅವಳು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಅಳುತ್ತಿದ್ದಳು.

“ಅಂಕಲ್, ಉಪ್ಪ ನನಗೂ ಕಾಲ್ ಮಾಡಿದ್ರು,” ಎಂದಳು. “ಅದೇ ಫ್ರೈಡೇ. ಸೇಮ್ ಹೇಳಿದ್ರು, ಲೆಫ್ಟ್ ಹ್ಯಾಂಡ್ ಅಂತ ಕೂಡ. ನನಗೆ ಮರುದಿನ ಎಕ್ಸಾಮ್ ಇತ್ತು. ಗ್ಯಾಸ್ ಇರಬೇಕು, ಟ್ಯಾಬ್ಲೆಟ್ ತಗೊಂಡು ಮಲಗಿ ಅಂದೆ. ನಾನು ಆಗ ನರ್ಸಿಂಗ್ ಫೈನಲ್ ಇಯರ್ ಅಂಕಲ್. ನನಗೆ ಗೊತ್ತಾಗಬೇಕಿತ್ತು.”

ಉಮ್ಮನಿಗೆ ಹೇಳಿಲ್ಲ, ಅಕ್ಕನಿಗೆ ಹೇಳಿಲ್ಲ ಎಂದಳು. ಅಪ್ಪ ಬೇರೆ ಯಾರಿಗಾದರೂ ಹೇಳಿರಬಹುದು ಎಂಬ ಒಂದೇ ಆಸೆಯಿಂದ ನನಗೆ ಮೂರು ಸಲ ಫೋನ್ ಮಾಡಿದ್ದಳು. ನಾನು ಮೂರು ಸಲವೂ ಇಲ್ಲ ಎಂದೆ. “ಇಡೀ ಪ್ರಪಂಚದಲ್ಲಿ ನನಗೊಬ್ಬಳಿಗೇ ಹೇಳಿದ್ದು ಅಂದ್ಕೊಂಡಿದ್ದೆ,” ಎಂದಳು.

ನನ್ನ ಸುಳ್ಳು ನನ್ನನ್ನು ಮಾತ್ರ ಕಾಯುತ್ತಿದೆ ಎಂದು ನಾನು ತಿಳಿದಿದ್ದೆ. ಅದು ಎರಡು ವರ್ಷ ಈ ಹುಡುಗಿಯ ಕುತ್ತಿಗೆಯ ಮೇಲೆ ಕೂತಿತ್ತು. ನನ್ನ ಜನ್ಮಕ್ಕೆ ಬೆಂಕಿ ಹಾಕಬೇಕು ಎನಿಸಿತು.

ಅವಳು ಸ್ಕಾರ್ಫಿನ ತುದಿಯಿಂದ ಮುಖ ಒರಸಿಕೊಂಡಳು. ಆಮೇಲೆ ನರ್ಸುಗಳು ಕೇಳುವಂತೆ, ತಗ್ಗಿದ ದನಿಯಲ್ಲಿ ಕೇಳಿದಳು, “ನಿಮಗೆ ಹೇಳಿದ್ದು ಎಷ್ಟು ಗಂಟೆಗೆ? ನನಗೆ ಕಾಲ್ ಬಂದದ್ದು ಇಲ್ಲಿಯ ಟೈಮ್ ನಾಲ್ಕು ಗಂಟೆಗೆ.”

ನಾಲ್ಕು ಗಂಟೆ. ನಾನು ಗೋಡೆಗೆ ಮುಖ ಮಾಡಿ ಮಲಗಿದ್ದೆ, ಅವರು ಮೆಲ್ಲ ಬಾಗಿಲು ತೆಗೆದಿದ್ದರು. ನಾನು ತಮಾಷೆ ಮಾಡಿದ್ದಕ್ಕೇ ಅವರು ಮಗಳಿಗೆ ಫೋನ್ ಮಾಡಿದ್ದು. ನಾನು ಮೊದಲನೆಯವನು, ಕೊನೆಯವಳು ಇವಳು. ಇದನ್ನು ಹೇಳಿದರೆ ಕೊನೆಗೆ ಕೇಳಿ ಕೈಬಿಟ್ಟವಳು ತಾನೇ ಎಂದು ಇವಳು ಮತ್ತೆ ಲೆಕ್ಕ ಹಾಕುತ್ತಾಳೆ, ಜೀವ ಇರುವ ತನಕ ಹಾಕುತ್ತಾಳೆ. ಅವಳ ಕಣ್ಣು ನನ್ನ ಬಾಯಿಯ ಮೇಲೆಯೇ ಇತ್ತು.

“ಎಂಟು ಗಂಟೆಗೆ,” ಎಂದೆ. “ಅವತ್ತು ಸಿನಿಮಾ ತಡವಾಗಿ ಹಾಕಿದ್ದು, ಸಂಜೆಯ ಮಗ್ರಿಬ್ ನಮಾಜು ಆದ ಮೇಲೆ. ಮಗಳು ಟ್ಯಾಬ್ಲೆಟ್ ಹೇಳಿದ್ದಾಳೆ, ತಗೊಂಡೆ, ಕಡಿಮೆ ಆಗ್ಲಿಲ್ಲ ಅಂತ ಹೇಳಿದರು. ನೀನು ದೂರದಲ್ಲಿ ಇದ್ದವಳು. ಪಕ್ಕದಲ್ಲಿ ಕೂತಿದ್ದವ ನಾನು. ಕರ್ಕೊಂಡು ಹೋಗಬೇಕಾದದ್ದು ನಾನು.”

“ನನ್ನ ಕಾಲ್ ಆದ ಮೇಲೆ?”

“ಆದ ಮೇಲೆ.”

ಅವಳ ಮುಖ ನಿಧಾನಕ್ಕೆ ಬದಲಾಯಿತು. ಮೊದಲು ಏನೋ ಇಳಿದ ಹಾಗೆ ಭುಜ ಸಡಿಲವಾಯಿತು. ಆಮೇಲೆ ಸಿಟ್ಟು ಬಂತು, ಅಪ್ಪನ ಸಿಟ್ಟು, ಆದರೆ ಎರಡು ದಿನದಲ್ಲಿ ಇಳಿಯುವಂಥದ್ದಲ್ಲ. ಅದು ಬರುವುದನ್ನು ನಾನು ಕೂತು ನೋಡಿದೆ, ಬರಲಿ ಎಂದುಕೊಂಡೆ.

“ನಿಮ್ಮನ್ನು ಕ್ಷಮಿಸ್ಲಿಕ್ಕೆ ನನ್ನಿಂದ ಆಗುದಿಲ್ಲ ಅಂಕಲ್,” ಎಂದಳು.

ಬೇಡ ಎಂದೆ. ಅವಳು ತಣ್ಣಗಾದ ಚಹಾವನ್ನು ಒಂದೇ ಸಲಕ್ಕೆ ಕುಡಿದಳು, ತಟ್ಟೆಯಲ್ಲಿದ್ದ ಪರೋಟ ಮುರಿದು ಪೂರ್ತಿ ತಿಂದಳು, ಬ್ಯಾಗು ತೆಗೆದುಕೊಂಡು ಎದ್ದು ಹೋದಳು. ನನ್ನ ನಂಬರ್ ಬ್ಲಾಕ್ ಮಾಡಿದ್ದಾಳೆ. ಎದೆನೋವಿನವರು ಬರುವ ಅದೇ ವಿಭಾಗದಲ್ಲಿ ಉಳಿದುಕೊಂಡಿದ್ದಾಳೆ, ಚೆನ್ನಾಗಿ ಕೆಲಸ ಮಾಡುತ್ತಾಳೆ ಎಂದು ಬಂಟ್ವಾಳ ಕಡೆಯ ಒಬ್ಬರು ಮೊನ್ನೆ ಹೇಳಿದರು.

ಅವಳಿಗೆ ಕನ್ನಡ ಮಾತಾಡಲು ಬರುತ್ತದೆ, ಓದಲು ಅಂಗಡಿಯ ಬೋರ್ಡಿಗಿಂತ ಆಚೆ ಹೋಗುವುದಿಲ್ಲ. ಪುಸ್ತಕ ಹಿಡಿಯುವವಳಂತೂ ಅಲ್ಲ. ಓದುವವರಲ್ಲಿ ಯಾರಿಗಾದರೂ ಅವಳು ಗೊತ್ತಿದ್ದರೆ, ದಯವಿಟ್ಟು ಅವಳಿಗೆ ಗಂಟೆ ಎಷ್ಟೆಂದು ಹೇಳಬೇಡಿ.